ಹಳೆಯ ವಿದ್ಯಾರ್ಥಿಯೊಡನೆ ಎಂಬಿಎ ಪ್ರವೇಶ ಸಂದರ್ಶನ: ಸಿದ್ಧತೆ ಹೇಗಿರಬೇಕು?

ಬಿಸಿನೆಸ್ ಸ್ಕೂಲ್‌ನಿಂದ ಸಂದರ್ಶನದ ಕರೆ ಬಂದಿದೆಯೆಂದರೆ ಅಂಕಗಳು, ಪ್ರಬಂಧಗಳು ಮತ್ತು ಶಿಫಾರಸು ಪತ್ರಗಳ ಮಟ್ಟದಲ್ಲಿ ನಿಮ್ಮ ಅರ್ಜಿ ಮೊದಲ ಹಂತವನ್ನು ದಾಟಿದೆ ಎಂದರ್ಥ. ಆ ಸಂದರ್ಶನವನ್ನು ಪ್ರವೇಶ ಕಚೇರಿಯ ಸಿಬ್ಬಂದಿಯ ಬದಲು ಸಂಸ್ಥೆಯ ಹಳೆಯ ವಿದ್ಯಾರ್ಥಿಯೊಬ್ಬರು ನಡೆಸುವುದಾದರೆ ಸಿದ್ಧತೆಯ ರೀತಿಯೂ ಬದಲಾಗಬೇಕಾಗುತ್ತದೆ. ಅವರು ಸೀಟು ಕೊಡುವವರಲ್ಲ, ಸಾಮಾನ್ಯವಾಗಿ ಕೊನೆಯ ತೀರ್ಮಾನದ ಸಭೆಯಲ್ಲಿ ಕುಳಿತುಕೊಳ್ಳುವವರೂ ಅಲ್ಲ. ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು, ಸ್ವಯಂಸೇವಕರಾಗಿ, ಅಪರಿಚಿತರೊಬ್ಬರ ಜೊತೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮಾತನಾಡಿ, ಆಮೇಲೆ ಸಂಸ್ಥೆ ಕೊಟ್ಟ ನಮೂನೆಯಲ್ಲಿ ವರದಿಯೊಂದನ್ನು ಬರೆದು ಕಳುಹಿಸುವವರು. ಪ್ರವೇಶ ಸಮಿತಿಯ ಕೈಗೆ ಹೋಗುವುದು ಆ ವರದಿಯೇ ಹೊರತು ನೀವು ಆಡಿದ ಮಾತುಗಳಲ್ಲ.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಿದ್ಧತೆಯ ಬಹುಪಾಲು ಗೊಂದಲ ತಾನಾಗಿಯೇ ತಿಳಿಯಾಗುತ್ತದೆ. ನಿಮ್ಮ ಪ್ರತಿಯೊಂದು ಉತ್ತರವನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಿಕೊಳ್ಳಬಹುದು: ಇದನ್ನು ಕೇಳಿಸಿಕೊಂಡವರು ಅಂದು ರಾತ್ರಿಯೋ ಮರುದಿನವೋ ವರದಿ ಬರೆಯಲು ಕುಳಿತಾಗ ನನ್ನ ಬಗ್ಗೆ ನಿರ್ದಿಷ್ಟವಾಗಿ ಏನನ್ನು ಬರೆಯಬಲ್ಲರು? ‘ಆತ್ಮವಿಶ್ವಾಸವುಳ್ಳ ಅಭ್ಯರ್ಥಿ, ಚೆನ್ನಾಗಿ ಮಾತನಾಡುತ್ತಾರೆ’ ಎಂಬಷ್ಟೇ ಬರೆಯಲು ಸಾಧ್ಯವಾದರೆ ಆ ವರದಿಯಿಂದ ನಿಮಗೆ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಕರೆ ಬಂದವರಲ್ಲಿ ಹೆಚ್ಚಿನವರ ಬಗ್ಗೆಯೂ ಅದೇ ಮಾತನ್ನು ಬರೆಯಬಹುದು. ‘ತನಗಿಂತ ಹಿರಿಯರಾದ ಇಬ್ಬರು ಸಹೋದ್ಯೋಗಿಗಳ ವಿರೋಧವಿದ್ದರೂ ಗ್ರಾಹಕರ ದೂರುಗಳನ್ನು ತಾನೇ ವಾರಗಟ್ಟಲೆ ಓದಿ, ತಪ್ಪು ಎಲ್ಲಿದೆಯೆಂದು ತೋರಿಸಿ, ಕೊನೆಗೆ ಅವರನ್ನೇ ಜೊತೆಗೆ ಸೇರಿಸಿಕೊಂಡರು’ ಎಂದು ಬರೆಯಲು ಸಾಧ್ಯವಾದರೆ ಸಮಿತಿಯಲ್ಲಿ ಅದನ್ನು ಓದುವವರಿಗೆ ಒಬ್ಬ ವ್ಯಕ್ತಿ ಕಾಣಿಸುತ್ತಾನೆ.

ಯಾವ ಬಗೆಯ ಸಂದರ್ಶನ ಎಂಬುದನ್ನು ಮೊದಲು ತಿಳಿದುಕೊಳ್ಳಿ

ಎಲ್ಲ ಸಂಸ್ಥೆಗಳ ಪದ್ಧತಿ ಒಂದೇ ಅಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಪ್ರವೇಶ ಮಂಡಳಿಯವರೇ ಅರ್ಜಿಯನ್ನು ಪೂರ್ತಿಯಾಗಿ ಓದಿಕೊಂಡು ಬಂದು ಮೂವತ್ತು ನಿಮಿಷ ಮಾತನಾಡಿಸುತ್ತಾರೆ. ಎಂಐಟಿ ಸ್ಲೋನ್‌ನಲ್ಲಿಯೂ ಪ್ರವೇಶ ಸಮಿತಿಯ ಸದಸ್ಯರೇ ಕೇಳುವವರು. ವಾರ್ಟನ್ 2012ರಿಂದ ಅಭ್ಯರ್ಥಿಗಳ ಸಣ್ಣ ಗುಂಪಿಗೆ ಒಂದು ವಿಷಯ ಕೊಟ್ಟು, ಅವರು ಒಟ್ಟಾಗಿ ಹೇಗೆ ಚರ್ಚಿಸುತ್ತಾರೆಂದು ಗಮನಿಸುವ ಕ್ರಮವನ್ನು ಇಟ್ಟುಕೊಂಡಿದೆ. ಇದಕ್ಕೆ ವಿರುದ್ಧವಾಗಿ, ಸ್ಟ್ಯಾನ್‌ಫರ್ಡ್‌ನಲ್ಲಿ ಸಂದರ್ಶನಗಳ ಬಹುಭಾಗವನ್ನು ಹಳೆಯ ವಿದ್ಯಾರ್ಥಿಗಳು ನಡೆಸುತ್ತಾರೆ. ಇನ್ಸಿಯಾಡ್‌ನಲ್ಲಿ ಅಭ್ಯರ್ಥಿ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಬೇರೆ ಬೇರೆಯಾಗಿ ಭೇಟಿಯಾಗುವ ಪದ್ಧತಿ ದೀರ್ಘಕಾಲದಿಂದ ಬಂದಿದೆ. ಕೊಲಂಬಿಯಾ, ಷಿಕಾಗೊ ಬೂತ್, ಲಂಡನ್ ಬಿಸಿನೆಸ್ ಸ್ಕೂಲ್‌ಗಳಲ್ಲೂ ಹಳೆಯ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಲ್ಲಿ ಸಂದರ್ಶಕರ ತಂಡದಲ್ಲಿ ಹಳೆಯ ವಿದ್ಯಾರ್ಥಿಗಳು ಇರುವುದುಂಟು. ಈ ಕ್ರಮಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಕರೆಯ ಜೊತೆಗೆ ಸಂಸ್ಥೆ ಕಳುಹಿಸುವ ಸೂಚನೆಗಳನ್ನು ಒಂದು ಸಾಲೂ ಬಿಡದೆ ಓದುವುದು ಮೊದಲ ಕೆಲಸ.

ಆ ಸೂಚನೆಗಳಲ್ಲಿ ನೀವು ಹುಡುಕಬೇಕಾದ ಮುಖ್ಯ ಅಂಶವೆಂದರೆ ಸಂದರ್ಶಕರು ನಿಮ್ಮ ಬಗ್ಗೆ ಏನನ್ನು ಓದಿಕೊಂಡು ಬರುತ್ತಾರೆ ಎಂಬುದು. ಸ್ಟ್ಯಾನ್‌ಫರ್ಡ್, ಕೊಲಂಬಿಯಾ ಮತ್ತು ಬೂತ್‌ಗಳಲ್ಲಿ ಸಂದರ್ಶಕರ ಕೈಯಲ್ಲಿರುವುದು ಸಾಮಾನ್ಯವಾಗಿ ನಿಮ್ಮ ರೆಸ್ಯೂಮೆ ಮಾತ್ರ. ನೀವು ತಿಂಗಳುಗಟ್ಟಲೆ ತಿದ್ದಿ ಬರೆದ ಪ್ರಬಂಧಗಳನ್ನಾಗಲಿ, ಶಿಫಾರಸು ಪತ್ರಗಳನ್ನಾಗಲಿ, ಪರೀಕ್ಷೆಯ ಅಂಕಗಳನ್ನಾಗಲಿ ಅವರು ಕಂಡಿರುವುದಿಲ್ಲ. ಲಂಡನ್ ಬಿಸಿನೆಸ್ ಸ್ಕೂಲ್‌ನಲ್ಲಾದರೆ ಅರ್ಜಿಯನ್ನು ಓದಿಕೊಂಡೇ ಬರುತ್ತಾರೆ. ಮೊದಲ ಬಗೆಯಲ್ಲಿ ‘ನನ್ನ ಪ್ರಬಂಧದಲ್ಲಿ ಹೇಳಿದಂತೆ’ ಎಂಬ ಮಾತಿಗೆ ಅರ್ಥವಿಲ್ಲ. ಅಲ್ಲಿ ಪ್ರಬಂಧದ ಅತ್ಯುತ್ತಮ ಘಟನೆಯನ್ನು ಮತ್ತೆ ಹೇಳಲು ಹಿಂಜರಿಯಬೇಕಾಗಿಲ್ಲ, ಹೇಳಲೇಬೇಕು. ಎರಡನೆಯ ಬಗೆಯಲ್ಲಿ ಅದೇ ಘಟನೆಯನ್ನು ಅದೇ ಮಾತುಗಳಲ್ಲಿ ಒಪ್ಪಿಸಿದರೆ ಕೇಳುವವರಿಗೆ ಹೊಸದೇನೂ ಸಿಗುವುದಿಲ್ಲ. ಪ್ರಬಂಧದಲ್ಲಿ ಜಾಗವಿಲ್ಲದೆ ಬಿಟ್ಟ ವಿವರಗಳನ್ನೂ, ಅಂದಿನಿಂದ ಇಂದಿನವರೆಗೆ ನಡೆದ ಬೆಳವಣಿಗೆಗಳನ್ನೂ ಅಲ್ಲಿ ಸಿದ್ಧವಾಗಿಟ್ಟುಕೊಂಡಿರಬೇಕು.

ರೆಸ್ಯೂಮೆಯ ಪ್ರತಿಯೊಂದು ಸಾಲಿನ ಹಿಂದಿರುವುದು

ಸಂದರ್ಶಕರ ಮುಂದೆ ರೆಸ್ಯೂಮೆಯೊಂದೇ ಇರುವಾಗ ಅವರ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಸಿದ್ಧತೆಗೆ ಎಷ್ಟೇ ಸಮಯವಿದ್ದರೂ ಅದರ ಅರ್ಧದಷ್ಟನ್ನು ಇದಕ್ಕೇ ಮೀಸಲಿಡುವುದು ಉಚಿತವೆಂದು ನನ್ನ ಅಭಿಪ್ರಾಯ. ಒಂದು ಉದಾಹರಣೆಯನ್ನು ನೋಡೋಣ. ‘ಐದು ಜನರ ತಂಡವನ್ನು ಮುನ್ನಡೆಸಿ ಸರಕು ವಿತರಣೆಯ ವಿಳಂಬವನ್ನು ಶೇ 30ರಷ್ಟು ತಗ್ಗಿಸಿದೆ’ ಎಂಬ ಸಾಲು ನಿಮ್ಮ ರೆಸ್ಯೂಮೆಯಲ್ಲಿ ಇದೆಯೆಂದಿಟ್ಟುಕೊಳ್ಳಿ. ಬರೆಯುವಾಗ ಇದು ಗಟ್ಟಿಯಾದ ಸಾಲಾಗಿ ಕಂಡಿರುತ್ತದೆ. ಕೇಳುವವರು ಅನುಭವಸ್ಥರಾಗಿದ್ದರೆ ಈ ಒಂದೇ ಸಾಲಿನ ಮೇಲೆ ಹತ್ತು ನಿಮಿಷ ಕಳೆಯಬಲ್ಲರು. ಶೇ 30 ಎಂದರೆ ಎಷ್ಟು ದಿನದಿಂದ ಎಷ್ಟು ದಿನಕ್ಕೆ ಇಳಿಯಿತು? ಅದನ್ನು ಅಳೆದವರು ಯಾರು, ಎಷ್ಟು ಕಾಲದ ಅಂಕಿಗಳ ಮೇಲೆ? ಆ ಐವರು ನಿಮ್ಮ ಕೈಕೆಳಗಿನವರೋ, ಬೇರೆ ಬೇರೆ ವಿಭಾಗಗಳಿಂದ ಬಂದವರೋ? ಅವರಲ್ಲಿ ಯಾರಾದರೂ ಒಪ್ಪಲಿಲ್ಲವೇ? ವಿಳಂಬಕ್ಕೆ ನಿಜವಾದ ಕಾರಣ ಏನಾಗಿತ್ತು, ಅದನ್ನು ನೀವು ಹೇಗೆ ಪತ್ತೆ ಮಾಡಿದಿರಿ? ನೀವು ಅಲ್ಲಿ ಇರದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲವೇ? ನೀವು ಬೇರೆ ಕೆಲಸಕ್ಕೆ ಹೋದ ಮೇಲೆಯೂ ಆ ಸುಧಾರಣೆ ಉಳಿಯಿತೇ?

ಕೊನೆಯ ಎರಡು ಪ್ರಶ್ನೆಗಳನ್ನು ಬಹಳ ಮಂದಿ ತಮಗೆ ತಾವೇ ಕೇಳಿಕೊಂಡಿರುವುದಿಲ್ಲ. ಆದರೆ ನಾಯಕತ್ವದ ಬಗ್ಗೆ ಬಿಸಿನೆಸ್ ಸ್ಕೂಲ್‌ಗಳು ತಿಳಿಯಬಯಸುವ ವಿಷಯ ಅವುಗಳ ಉತ್ತರದಲ್ಲೇ ಅಡಗಿರುತ್ತದೆ. ಆದ್ದರಿಂದ ರೆಸ್ಯೂಮೆಯನ್ನು ಅಗಲವಾದ ಹಾಳೆಯ ಮೇಲೆ ಮುದ್ರಿಸಿಕೊಂಡು, ಪ್ರತಿ ಸಾಲಿನ ಪಕ್ಕದಲ್ಲೂ ಇಂಥ ಪ್ರಶ್ನೆಗಳನ್ನು ಬರೆದು, ಉತ್ತರವನ್ನು ಹಳೆಯ ಇಮೇಲ್‌ಗಳಿಂದಲೂ ದಾಖಲೆಗಳಿಂದಲೂ ಖಚಿತಪಡಿಸಿಕೊಳ್ಳಿ. ಹೀಗೆ ಮಾಡುವಾಗ ಯಾವುದಾದರೂ ಸಂಖ್ಯೆ ಉತ್ಪ್ರೇಕ್ಷೆಯೆಂದು ನಿಮಗೇ ತೋರಿದರೆ ಅದನ್ನು ಸಮರ್ಥಿಸುವ ಉಪಾಯ ಹುಡುಕದೆ, ಆ ಸಂಖ್ಯೆ ಹೇಗೆ ಬಂದಿತು, ಅದರ ಮಿತಿಯೇನು ಎಂಬುದನ್ನು ಪ್ರಾಮಾಣಿಕವಾಗಿ ವಿವರಿಸಲು ಸಿದ್ಧರಾಗಿರಿ. ತನ್ನ ಸಾಧನೆಯ ಮಿತಿಯನ್ನು ತಾನೇ ಬಲ್ಲ ಅಭ್ಯರ್ಥಿಯ ಉಳಿದ ಮಾತುಗಳನ್ನೂ ಕೇಳುವವರು ನಂಬುತ್ತಾರೆ.

ಕೆಲಸ ಬದಲಿಸಿದ ಪ್ರತಿಯೊಂದು ತಿರುವಿಗೂ ಕಾರಣ ಹೇಳಲು ಬರಬೇಕು. ಎರಡು ಉದ್ಯೋಗಗಳ ನಡುವಿನ ಖಾಲಿ ಅವಧಿ, ಓದಿದ ವಿಷಯಕ್ಕೂ ಮಾಡುತ್ತಿರುವ ಕೆಲಸಕ್ಕೂ ಇರುವ ಅಂತರ, ಒಂದೇ ವರ್ಷದಲ್ಲಿ ಬಿಟ್ಟ ಕೆಲಸ ಇವುಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಚಿಕ್ಕದಾಗಿರಲಿ, ಹಳೆಯ ಮೇಲಧಿಕಾರಿಯ ಮೇಲೆ ದೂರು ಬೇಡ. ರೆಸ್ಯೂಮೆಯ ಕೊನೆಯಲ್ಲಿ ಹವ್ಯಾಸಗಳೆಂದು ಬರೆದಿರುವ ಎರಡು ಮೂರು ಪದಗಳನ್ನೂ ಮರೆಯಬೇಡಿ. ಮಾತು ಸಲೀಸಾಗಲೆಂದು ಅಲ್ಲಿಂದಲೇ ಆರಂಭಿಸುವ ಸಂದರ್ಶಕರು ಇದ್ದಾರೆ. ಚಾರಣ ಎಂದು ಬರೆದವರು ಇತ್ತೀಚೆಗೆ ಎಲ್ಲಿಗೆ ಹೋಗಿದ್ದರೆಂದು ಹೇಳಲಾಗದೆ ತಡವರಿಸಿದರೆ ಮೊದಲ ನಿಮಿಷದಲ್ಲೇ ಅನುಮಾನ ಮೂಡುತ್ತದೆ.

ಘಟನೆಗಳನ್ನು ಆರಿಸುವುದು, ಹೇಳುವುದು

ಇಂದಿನ ಪ್ರವೇಶ ಸಂದರ್ಶನಗಳಲ್ಲಿ ‘ಇಂಥ ಪರಿಸ್ಥಿತಿ ಬಂದರೆ ಏನು ಮಾಡುತ್ತೀರಿ’ ಎಂಬುದಕ್ಕಿಂತ ‘ಇಂಥ ಪರಿಸ್ಥಿತಿಯಲ್ಲಿ ನೀವು ಏನು ಮಾಡಿದಿರಿ, ಒಂದು ಸಂದರ್ಭ ಹೇಳಿ’ ಎಂಬ ಬಗೆಯ ಪ್ರಶ್ನೆಗಳೇ ಹೆಚ್ಚು. ಹಿಂದೆ ನಡೆದುಕೊಂಡ ರೀತಿಯೇ ಮುಂದಿನ ನಡೆಗೆ ಒಳ್ಳೆಯ ಸುಳಿವು ಎಂಬ ನಂಬಿಕೆ ಇದರ ಹಿಂದಿದೆ. ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿ ಸ್ಲೋನ್ ಈ ವಿಧಾನಕ್ಕೆ ಹೆಸರಾದವು. ತಂಡವನ್ನು ಮುನ್ನಡೆಸಿದ್ದು, ಸೋತದ್ದು, ಯಾರನ್ನಾದರೂ ಒಪ್ಪಿಸಿದ್ದು, ಸಹೋದ್ಯೋಗಿಯೊಡನೆ ಭಿನ್ನಾಭಿಪ್ರಾಯ ಬಂದದ್ದು, ಕಠಿಣವಾದ ಟೀಕೆಯನ್ನು ಸ್ವೀಕರಿಸಿದ್ದು, ಮಾಹಿತಿ ಪೂರ್ತಿಯಿಲ್ಲದೆ ನಿರ್ಧಾರ ಮಾಡಿದ್ದು, ನೀತಿಯ ಇಕ್ಕಟ್ಟಿನಲ್ಲಿ ಸಿಲುಕಿದ್ದು, ಇನ್ನೊಬ್ಬರು ಬೆಳೆಯಲು ನೆರವಾದದ್ದು ಇವೇ ಸುತ್ತಿ ಸುತ್ತಿ ಬರುವ ವಿಷಯಗಳು.

ಪ್ರತಿಯೊಂದು ಪ್ರಶ್ನೆಗೂ ಒಂದೊಂದು ಉತ್ತರವನ್ನು ಬರೆದು ಬಾಯಿಪಾಠ ಮಾಡುವ ಬದಲು, ಏಳೆಂಟು ನಿಜವಾದ ಘಟನೆಗಳನ್ನು ಆರಿಸಿಕೊಂಡು ಅವುಗಳನ್ನು ಎಲ್ಲ ಕಡೆಯಿಂದಲೂ ತಿಳಿದಿರುವುದು ಉತ್ತಮ. ಒಳ್ಳೆಯ ಘಟನೆಯೊಂದು ನಾಯಕತ್ವದ ಪ್ರಶ್ನೆಗೂ, ಭಿನ್ನಾಭಿಪ್ರಾಯದ ಪ್ರಶ್ನೆಗೂ, ಟೀಕೆಯ ಪ್ರಶ್ನೆಗೂ ಉತ್ತರವಾಗಬಲ್ಲದು. ಕೇಳಿದ್ದಕ್ಕೆ ತಕ್ಕಂತೆ ಯಾವ ಭಾಗವನ್ನು ಮುಂದಿಡಬೇಕೆಂಬುದಷ್ಟೇ ಬದಲಾಗುತ್ತದೆ. ಆಯ್ಕೆಯಲ್ಲಿ ಇತ್ತೀಚಿನ ಎರಡು ಮೂರು ವರ್ಷಗಳ ಘಟನೆಗಳಿಗೆ ಆದ್ಯತೆಯಿರಲಿ. ಎಲ್ಲವೂ ಒಂದೇ ಕೆಲಸದ ಸ್ಥಳದವಾಗದಂತೆ, ಉದ್ಯೋಗದ ಹೊರಗಿನ ಒಂದೆರಡು ಘಟನೆಗಳೂ ಇರಲಿ. ದೊಡ್ಡ ಮೊತ್ತದ ಯೋಜನೆಯೇ ಆಗಬೇಕೆಂದಿಲ್ಲ. ಹಲವು ಕೋಟಿಯ ಒಪ್ಪಂದದ ಮೂಲೆಯೊಂದರಲ್ಲಿ ಕುಳಿತು ಲೆಕ್ಕ ಜೋಡಿಸಿದ ಅನುಭವಕ್ಕಿಂತ, ನಾಲ್ಕು ಜನರ ಸಣ್ಣ ತಂಡದಲ್ಲಿ ನಿಮ್ಮ ನಿರ್ಧಾರದಿಂದಲೇ ಏನಾದರೂ ಬದಲಾದ ಅನುಭವ ಹೆಚ್ಚು ತೂಕದ್ದು.

ಹೇಳುವ ಕ್ರಮಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಚೌಕಟ್ಟಿದೆ: ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಫಲಿತಾಂಶ. ಇದನ್ನು ಸ್ಟಾರ್ ವಿಧಾನವೆಂದು ಕರೆಯುತ್ತಾರೆ. ಚೌಕಟ್ಟು ಉಪಯುಕ್ತವೇ. ಆದರೆ ಹೆಚ್ಚಿನ ಅಭ್ಯರ್ಥಿಗಳು ಸನ್ನಿವೇಶವನ್ನು ವಿವರಿಸುವುದರಲ್ಲೇ ಸಮಯವನ್ನೆಲ್ಲ ಕಳೆದು, ‘ಆಮೇಲೆ ನಾವೆಲ್ಲ ಸೇರಿ ಅದನ್ನು ಬಗೆಹರಿಸಿದೆವು’ ಎಂದು ಮುಗಿಸಿಬಿಡುತ್ತಾರೆ. ಎರಡು ಮೂರು ನಿಮಿಷದ ಉತ್ತರದಲ್ಲಿ ಸನ್ನಿವೇಶಕ್ಕೆ ಮೂವತ್ತು ಸೆಕೆಂಡು ಸಾಕು. ಉಳಿದದ್ದರಲ್ಲಿ ಬಹುಪಾಲು ನೀವು ಏನು ಯೋಚಿಸಿದಿರಿ, ಯಾರ ಬಳಿ ಹೋಗಿ ಏನು ಹೇಳಿದಿರಿ, ಅವರು ಏನೆಂದರು, ಆಗ ನೀವು ದಾರಿಯನ್ನು ಹೇಗೆ ಬದಲಿಸಿದಿರಿ ಎಂಬುದಕ್ಕೆ ಸಲ್ಲಬೇಕು. ‘ನಾವು’ ಎಂಬ ಮಾತನ್ನು ಸೌಜನ್ಯಕ್ಕಾಗಿ ಬಳಸುವುದು ನಮ್ಮ ಅಭ್ಯಾಸವಾದರೂ ವರದಿ ಬರೆಯುವವರಿಗೆ ನಿಮ್ಮ ಪಾಲು ಯಾವುದೆಂದು ತಿಳಿಯಲೇಬೇಕು. ತಂಡ ಮಾಡಿದ್ದನ್ನು ತಂಡದ್ದೆಂದೂ ನೀವು ಮಾಡಿದ್ದನ್ನು ನಿಮ್ಮದೆಂದೂ ಬಿಡಿಸಿ ಹೇಳುವುದು ಅಹಂಕಾರವಲ್ಲ.

ಸೋಲಿನ ಪ್ರಶ್ನೆಗೆ ಪ್ರತ್ಯೇಕವಾಗಿ ಗಮನ ಕೊಡಬೇಕು, ಏಕೆಂದರೆ ಸಿದ್ಧತೆಯ ಕೊರತೆ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ‘ನಾನು ಅತಿಯಾಗಿ ಶ್ರಮಪಡುತ್ತೇನೆ’, ‘ಎಲ್ಲವೂ ಪರಿಪೂರ್ಣವಾಗಿರಬೇಕೆಂದು ಹಟ ಹಿಡಿಯುತ್ತೇನೆ’ ಎಂಬಂಥ, ಗುಣವನ್ನೇ ದೋಷವೆಂದು ತೋರಿಸುವ ಉತ್ತರಗಳನ್ನು ಸಂದರ್ಶಕರು ಸಾಕಷ್ಟು ಬಾರಿ ಕೇಳಿರುತ್ತಾರೆ. ಮಾರುಕಟ್ಟೆ ಕುಸಿಯಿತು, ಗ್ರಾಹಕರು ಮನಸ್ಸು ಬದಲಿಸಿದರು ಎಂದು ಹೊರಗಿನ ಕಾರಣಗಳಿಂದಾದ ನಷ್ಟವನ್ನು ಹೇಳುವುದೂ ಉತ್ತರವಲ್ಲ. ನಿಮ್ಮದೇ ಅಂದಾಜು ತಪ್ಪಿದ, ಅದರಿಂದ ಯಾರಿಗಾದರೂ ನಿಜವಾಗಿ ತೊಂದರೆಯಾದ ಒಂದು ಸಂದರ್ಭವನ್ನು ಆರಿಸಿ, ತಪ್ಪು ಯಾವ ಹಂತದಲ್ಲಾಯಿತೆಂದು ಗುರುತಿಸಿ, ಅನಂತರ ಬಂದ ಅದೇ ಬಗೆಯ ಇನ್ನೊಂದು ಸಂದರ್ಭದಲ್ಲಿ ನೀವು ಬೇರೆಯಾಗಿ ಏನು ಮಾಡಿದಿರಿ ಎಂಬುದನ್ನು ಹೇಳಿ. ಆ ಎರಡನೆಯ ಸಂದರ್ಭ ಇಲ್ಲದಿದ್ದರೆ ‘ಪಾಠ ಕಲಿತೆ’ ಎಂಬುದು ಬರೀ ಮಾತಾಗಿಯೇ ಉಳಿಯುತ್ತದೆ.

ಎದುರು ಕುಳಿತವರು ನಿಮ್ಮ ಕ್ಷೇತ್ರದವರೇ ಆಗಿರುವ ಸಂಭವ ಕಡಿಮೆ. ನೀವು ತಂತ್ರಾಂಶದವರಾಗಿದ್ದು ಅವರು ಔಷಧ ಉದ್ಯಮದವರಾಗಿರಬಹುದು, ನೀವು ಲೆಕ್ಕಪರಿಶೋಧಕರಾಗಿದ್ದು ಅವರು ಜಾಹೀರಾತಿನವರಾಗಿರಬಹುದು. ನಿಮ್ಮ ಕಂಪನಿಯೊಳಗಿನ ಸಂಕ್ಷಿಪ್ತ ಹೆಸರುಗಳು, ಹುದ್ದೆಗಳ ಮಟ್ಟಗಳು, ಉಪಕರಣಗಳ ಹೆಸರುಗಳು ಅವರಿಗೆ ಏನನ್ನೂ ಹೇಳುವುದಿಲ್ಲ. ಪ್ರತಿ ಘಟನೆಯನ್ನೂ ನಿಮ್ಮ ಕೆಲಸದ ಬಗ್ಗೆ ಏನೂ ತಿಳಿಯದ ಬಂಧುವೊಬ್ಬರಿಗೆ ಒಮ್ಮೆ ಹೇಳಿ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬಲ್ಲರೇ ಎಂದು ನೋಡಿ. ವರದಿ ಬರೆಯುವವರೂ ಮಾಡಬೇಕಾದದ್ದು ಅದನ್ನೇ. ಒಂದು ಎಚ್ಚರಿಕೆಯೂ ಅಗತ್ಯ: ಸಂದರ್ಶಕರು ನಿಮ್ಮ ಕಂಪನಿಯ ಗ್ರಾಹಕರೋ ಪ್ರತಿಸ್ಪರ್ಧಿಗಳೋ ಆಗಿರಬಹುದು. ಗೋಪ್ಯವಾದ ಹೆಸರು ಮತ್ತು ಮೊತ್ತಗಳನ್ನು ಬಿಟ್ಟು ಹೇಳುವ ರೀತಿಯನ್ನು ಮೊದಲೇ ರೂಢಿಸಿಕೊಳ್ಳಿ.

ಏಕೆ ಎಂಬಿಎ, ಏಕೆ ಈಗ, ಏಕೆ ಇಲ್ಲಿ

ಈ ಮೂರು ಪ್ರಶ್ನೆಗಳು ಯಾವ ರೂಪದಲ್ಲಾದರೂ ಬರುತ್ತವೆ, ಮತ್ತು ಹಳೆಯ ವಿದ್ಯಾರ್ಥಿ ಕೇಳುವಾಗ ಮೂರನೆಯದಕ್ಕೆ ವಿಶೇಷ ತೂಕವಿರುತ್ತದೆ. ತಾವು ಓದಿದ ಸಂಸ್ಥೆಯ ಬಗ್ಗೆ ಅವರಿಗೆ ಪ್ರೀತಿಯಿದೆ, ಅದಕ್ಕೇ ಈ ಕೆಲಸಕ್ಕೆ ಒಪ್ಪಿಕೊಂಡಿದ್ದಾರೆ. ಸಂಸ್ಥೆಯ ಪ್ರಚಾರ ಪುಸ್ತಿಕೆಯ ವಾಕ್ಯಗಳನ್ನು ಅವರಿಗೇ ತಿರುಗಿ ಒಪ್ಪಿಸಿದರೆ ಅದು ತಕ್ಷಣ ಗೊತ್ತಾಗುತ್ತದೆ. ಬೂತ್‌ನ ಪಠ್ಯಕ್ರಮದಲ್ಲಿ ಎಲ್ಲರಿಗೂ ಕಡ್ಡಾಯವಾಗಿರುವುದು ನಾಯಕತ್ವಕ್ಕೆ ಸಂಬಂಧಿಸಿದ ಒಂದೇ ಕೋರ್ಸ್, ಉಳಿದದ್ದರಲ್ಲಿ ವಿದ್ಯಾರ್ಥಿಗೆ ಬಹಳ ಸ್ವಾತಂತ್ರ್ಯವಿದೆ. ‘ಪಠ್ಯಕ್ರಮದ ಸ್ವಾತಂತ್ರ್ಯ ನನಗೆ ಇಷ್ಟವಾಯಿತು’ ಎಂದು ಅಲ್ಲಿಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಹೇಳುತ್ತಾರೆ. ನಿಮಗೆ ಲೆಕ್ಕಪತ್ರದ ತಳಹದಿ ಈಗಾಗಲೇ ಇರುವುದರಿಂದ ಮೊದಲ ಅವಧಿಯಲ್ಲೇ ಯಾವ ಮುಂದುವರಿದ ಕೋರ್ಸ್‌ಗಳಿಗೆ ಹೋಗಬಯಸುತ್ತೀರಿ, ಅವು ನಿಮ್ಮ ಯಾವ ಕೊರತೆಯನ್ನು ತುಂಬುತ್ತವೆ ಎಂದು ಹೇಳಿದಾಗ ಆ ಮಾತು ನಿಮ್ಮದಾಗುತ್ತದೆ. ಹಾಗೆಯೇ ಇನ್ಸಿಯಾಡ್‌ನ ಎಂಬಿಎ ಹತ್ತು ತಿಂಗಳಿನದು. ಅಷ್ಟು ಕಡಿಮೆ ಅವಧಿಯಲ್ಲಿ ಕ್ಷೇತ್ರವನ್ನೂ ದೇಶವನ್ನೂ ಒಟ್ಟಿಗೆ ಬದಲಿಸಲು ಹೊರಟವರು ಅದು ಹೇಗೆ ಸಾಧ್ಯವೆಂದು ಯೋಚಿಸಿರಬೇಕು. ಹಾರ್ವರ್ಡ್‌ನಂತೆ ಕಂಪನಿಗಳಲ್ಲಿ ನಡೆದ ಪ್ರಕರಣಗಳ ಚರ್ಚೆಯ ಮೂಲಕವೇ ಕಲಿಸುವ ಸಂಸ್ಥೆಗೆ ಹೋಗುವವರು ತರಗತಿಯ ಮಾತಿಗೆ ತಾವು ಯಾವ ಅನುಭವವನ್ನು ಸೇರಿಸಬಲ್ಲರೆಂದು ಹೇಳಲು ಸಿದ್ಧರಿರಬೇಕು.

ಮುಂದಿನ ಗುರಿಯನ್ನು ಹೇಳುವಾಗ ಪದವಿ ಮುಗಿದ ಕೂಡಲೇ ಹಿಡಿಯಬಯಸುವ ಕೆಲಸದ ಬಗ್ಗೆ ಸ್ಪಷ್ಟವಾಗಿರಿ: ಯಾವ ಬಗೆಯ ಹುದ್ದೆ, ಯಾವ ಬಗೆಯ ಕಂಪನಿ, ಇಂದು ಆ ಹುದ್ದೆಯಲ್ಲಿರುವವರು ದಿನವೂ ಮಾಡುವ ಕೆಲಸವೇನು. ಎದುರಿನವರು ಅದೇ ದಾರಿಯಲ್ಲಿ ನಡೆದು ಬಂದವರು, ಬಯಕೆಗೂ ಯೋಜನೆಗೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು. ದೂರದ ಗುರಿ ಸ್ವಲ್ಪ ವಿಶಾಲವಾಗಿದ್ದರೂ ಅಡ್ಡಿಯಿಲ್ಲ. ‘ಏಕೆ ಈಗ’ ಎಂಬುದಕ್ಕೆ ಈಗಿನ ಕೆಲಸದಲ್ಲಿ ಬೇಸರ ಬಂದಿದೆ ಎಂಬುದು ಉತ್ತರವಲ್ಲ. ಈವರೆಗೆ ಕಟ್ಟಿಕೊಂಡದ್ದೇನು, ಮುಂದೆ ಹೋಗಲು ಕೆಲಸದಲ್ಲೇ ಇದ್ದುಕೊಂಡು ಕಲಿಯಲಾಗದ ವಿಷಯ ಯಾವುದು ಎಂಬುದರಲ್ಲಿ ಉತ್ತರವಿದೆ.

ಸಂದರ್ಶಕರ ಬಗ್ಗೆ ಎಷ್ಟು ತಿಳಿದಿರಬೇಕು

ಹೆಸರು ತಿಳಿದ ಮೇಲೆ ಅವರು ಯಾವ ವರ್ಷ ಪದವಿ ಪಡೆದರು, ಈಗ ಯಾವ ಕ್ಷೇತ್ರದಲ್ಲಿದ್ದಾರೆ ಎಂಬುದನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿಕೊಳ್ಳಿ, ಅಷ್ಟು ಸಾಕು. ಅವರ ಕುಟುಂಬದ ಚಿತ್ರಗಳನ್ನೋ ಹಳೆಯ ಬರಹಗಳನ್ನೋ ಕೆದಕಿ, ಅದನ್ನು ಮಾತಿನಲ್ಲಿ ತರುವುದು ಎದುರಿನವರಿಗೆ ಮುಜುಗರವನ್ನೇ ಉಂಟುಮಾಡುತ್ತದೆ. ಪದವಿಯ ವರ್ಷ ತಿಳಿದಿರುವುದರಿಂದ ಒಂದು ನಿಜವಾದ ಪ್ರಯೋಜನವಿದೆ. ಎರಡು ವರ್ಷದ ಹಿಂದೆ ಓದು ಮುಗಿಸಿದವರಿಗೆ ಇಂದಿನ ಕೋರ್ಸ್‌ಗಳು, ವಿದ್ಯಾರ್ಥಿ ಸಂಘಗಳು, ಉದ್ಯೋಗ ನೇಮಕದ ಪರಿಸ್ಥಿತಿ ಎಲ್ಲವೂ ಗೊತ್ತಿರುತ್ತವೆ. 1990ರ ದಶಕದಲ್ಲಿ ಓದಿದವರನ್ನು ಈಗಿನ ಆಯ್ಕೆಯ ವಿಷಯಗಳ ಬಗ್ಗೆ ಕೇಳಿದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತಾಗುತ್ತದೆ. ಅವರಿಗೆ ಆ ಎರಡು ವರ್ಷಗಳು ಇಡೀ ವೃತ್ತಿಜೀವನದಲ್ಲಿ ಹೇಗೆ ಉಪಯೋಗಕ್ಕೆ ಬಂದವು ಎಂಬ ದೀರ್ಘಾವಧಿಯ ನೋಟವಿರುತ್ತದೆ, ಅದು ಬೇರೆಲ್ಲೂ ಸಿಗುವಂಥದ್ದಲ್ಲ.

ಪರೀಕ್ಷೆಯ ಅಂಕವನ್ನು ಅವರಾಗಿ ಕೇಳದ ಹೊರತು ನೀವಾಗಿ ಹೇಳಬೇಡಿ. ಅದು ಪ್ರವೇಶ ಕಚೇರಿಯ ಕಡತದಲ್ಲಿದೆ, ಸಂದರ್ಶನದ ಉದ್ದೇಶವೇ ಬೇರೆ. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಹೊಸ ಆವೃತ್ತಿ 2023ರ ನವೆಂಬರ್‌ನಲ್ಲಿ ಬಂದ ಮೇಲೆ ಅಂಕಗಳ ವ್ಯಾಪ್ತಿ 205ರಿಂದ 805ಕ್ಕೆ ಬದಲಾಗಿದೆ. ಹಿಂದಿನ 200ರಿಂದ 800ರ ಲೆಕ್ಕದಲ್ಲೇ ಯೋಚಿಸುವ ಹಿರಿಯರಿಗೆ ನಿಮ್ಮ ಒಳ್ಳೆಯ ಅಂಕವೂ ಸಾಧಾರಣವಾಗಿ ಕೇಳಿಸಬಹುದು.

ಅಭ್ಯಾಸ

ಉತ್ತರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಅಭ್ಯಾಸವಾಗುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಿದರೆ ಎಲ್ಲಿ ಎಳೆಯುತ್ತೀರಿ, ಎಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಅನಂತರ ಇಬ್ಬರು ಬೇರೆ ಬೇರೆ ಸ್ವಭಾವದವರಿಂದ ಅಣಕು ಸಂದರ್ಶನ ಮಾಡಿಸಿಕೊಳ್ಳಿ. ಒಬ್ಬರು ನಿಮ್ಮನ್ನು ಚೆನ್ನಾಗಿ ಬಲ್ಲವರು, ಇನ್ನೊಬ್ಬರು ನಿಮ್ಮ ಬಗ್ಗೆ ಏನೂ ತಿಳಿಯದವರು. ಎರಡನೆಯವರ ಕೈಗೆ ರೆಸ್ಯೂಮೆಯನ್ನು ಮಾತ್ರ ಕೊಡಿ, ಪ್ರಶ್ನೆಗಳ ಪಟ್ಟಿ ಕೊಡಬೇಡಿ. ಮುಗಿದ ಮೇಲೆ ‘ಹೇಗಿತ್ತು’ ಎಂದು ಕೇಳದೆ, ನಿಮ್ಮ ಬಗ್ಗೆ ಹತ್ತು ಸಾಲಿನ ವರದಿಯನ್ನು ಅವರಿಂದ ಬರೆಸಿ. ಅದರಲ್ಲಿ ಯಾವ ಘಟನೆ ಉಳಿಯಿತು, ಯಾವುದು ಮಾಯವಾಯಿತು, ಯಾವುದು ತಿರುಚಿಕೊಂಡಿತು ಎಂಬುದನ್ನು ನೋಡಿದರೆ ಮುಂದೆ ಎಲ್ಲಿ ತಿದ್ದಬೇಕೆಂದು ಗೊತ್ತಾಗುತ್ತದೆ. ನನಗೆ ತಿಳಿದ ಅಭ್ಯಾಸಗಳಲ್ಲಿ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ.

ಲಂಡನ್ ಬಿಸಿನೆಸ್ ಸ್ಕೂಲ್‌ನ ಸಂದರ್ಶನದಲ್ಲಿ ಸ್ಥಳದಲ್ಲೇ ಒಂದು ವಿಷಯ ಕೊಟ್ಟು, ಕೆಲವೇ ನಿಮಿಷ ಯೋಚಿಸಿ ಮಾತನಾಡಿ ಎನ್ನುವ ಪದ್ಧತಿಯ ಬಗ್ಗೆ ಅಭ್ಯರ್ಥಿಗಳಲ್ಲಿ ಹಿಂದಿನಿಂದಲೂ ಮಾತಿದೆ. ಅಲ್ಲಿಗೆ ಹೋಗುವವರು ಪತ್ರಿಕೆಯ ಯಾವುದಾದರೂ ಶೀರ್ಷಿಕೆಯನ್ನು ಆರಿಸಿಕೊಂಡು, ಒಂದು ನಿಲುವು, ಎರಡು ಕಾರಣ, ಎದುರು ವಾದಕ್ಕೆ ಉತ್ತರ ಎಂಬ ಕ್ರಮದಲ್ಲಿ ದಿನಕ್ಕೊಮ್ಮೆ ಮಾತನಾಡಿ ರೂಢಿಸಿಕೊಂಡರೆ ಸಾಕು.

ಭೇಟಿ ಮತ್ತು ಅದರ ನಂತರ

ಸಮಯ ಗೊತ್ತುಮಾಡುವ ಇಮೇಲಿನಿಂದಲೇ ನಿಮ್ಮ ಬಗ್ಗೆ ಅಭಿಪ್ರಾಯ ರೂಪುಗೊಳ್ಳತೊಡಗುತ್ತದೆ. ಒಂದು ದಿನದೊಳಗೆ ಉತ್ತರಿಸಿ, ನಿಮಗೆ ಅನುಕೂಲವಾದ ಮೂರು ನಾಲ್ಕು ಸಮಯಗಳನ್ನು ಅವರ ಸಮಯ ವಲಯದಲ್ಲಿ ಸೂಚಿಸಿ, ಒಮ್ಮೆ ಒಪ್ಪಿದ್ದನ್ನು ಬದಲಿಸಬೇಡಿ. ಭೇಟಿ ಅವರ ಕಚೇರಿಯಲ್ಲೋ ಕಾಫಿ ಅಂಗಡಿಯಲ್ಲೋ ಆಗಬಹುದು. 2020ರ ನಂತರವಂತೂ ಬಹಳಷ್ಟು ಸಂದರ್ಶನಗಳು ವೀಡಿಯೊ ಕರೆಯಲ್ಲೇ ನಡೆಯುತ್ತಿವೆ. ಉಡುಪಿನ ಬಗ್ಗೆ ಸೂಚನೆಯಿಲ್ಲದಿದ್ದರೆ ಕಚೇರಿಯ ಮುಖ್ಯ ಸಭೆಗೆ ಹೋಗುವಂತೆ ಹೋಗಿ. ರೆಸ್ಯೂಮೆಯ ಎರಡು ಮುದ್ರಿತ ಪ್ರತಿಗಳಿರಲಿ, ಅರ್ಜಿಯೊಂದಿಗೆ ಕಳುಹಿಸಿದ್ದೇ ಆಗಿರಲಿ. ಉಡುಗೊರೆ ಒಯ್ಯಬೇಡಿ. ವೀಡಿಯೊ ಕರೆಯಾದರೆ ಪರದೆಯ ಬದಿಯಲ್ಲಿ ಟಿಪ್ಪಣಿ ಅಂಟಿಸಿಕೊಂಡು ಓದಬೇಡಿ, ಕಣ್ಣುಗಳ ಚಲನೆಯಿಂದ ಅದು ತಿಳಿದುಬಿಡುತ್ತದೆ.

ಹಳೆಯ ವಿದ್ಯಾರ್ಥಿಗಳು ತರಬೇತಿ ಪಡೆದ ವೃತ್ತಿಪರ ಸಂದರ್ಶಕರಲ್ಲ, ಆದ್ದರಿಂದ ಅವರ ರೀತಿಗಳೂ ಬೇರೆ ಬೇರೆ. ಕೆಲವರು ಸಂಸ್ಥೆ ಕೊಟ್ಟ ಪಟ್ಟಿಯನ್ನು ಕ್ರಮವಾಗಿ ಕೇಳಿ, ಮುಖದಲ್ಲಿ ಯಾವ ಭಾವವನ್ನೂ ತೋರದೆ ಬರೆದುಕೊಳ್ಳುತ್ತಾರೆ. ಅದನ್ನು ಅಸಮ್ಮತಿಯೆಂದು ಭಾವಿಸಿ ಧೈರ್ಯಗೆಡಬಾರದು. ಇನ್ನು ಕೆಲವರು ತಮ್ಮ ಕಾಲೇಜು ದಿನಗಳ ನೆನಪಿನಲ್ಲಿ ಮುಳುಗಿ ತಾವೇ ಅರ್ಧ ಗಂಟೆ ಮಾತನಾಡುತ್ತಾರೆ. ಮಾತು ಬಹಳ ಹಿತವಾಗಿ ಸಾಗಿತೆಂದು ಸಂತೋಷಪಟ್ಟು ಹೊರಬಂದರೆ, ವರದಿಯಲ್ಲಿ ಬರೆಯಲು ಅವರ ಬಳಿ ಏನೂ ಇರುವುದಿಲ್ಲ. ಅವರ ಮಾತು ನಿಂತ ಜಾಗವನ್ನು ಹಿಡಿದು, ‘ನೀವು ಹೇಳಿದ ತಂಡದ ಅನುಭವ ಕೇಳಿದಾಗ ನನ್ನ ಕೆಲಸದ ಒಂದು ಸಂದರ್ಭ ನೆನಪಾಗುತ್ತದೆ, ಹೇಳಬಹುದೇ’ ಎಂದು ವಿನಯದಿಂದ ನಿಮ್ಮ ಘಟನೆಯನ್ನು ಮುಂದಿಡಬೇಕು. ಭೇಟಿಗೆ ಮೊದಲೇ, ಏನೇ ಆದರೂ ಹೇಳಲೇಬೇಕಾದ ಮೂರು ಘಟನೆಗಳು ಯಾವುವೆಂದು ನಿಶ್ಚಯಿಸಿಕೊಂಡಿದ್ದರೆ ಇಂಥ ಸಂದರ್ಭದಲ್ಲಿ ನೆರವಾಗುತ್ತದೆ. ಸ್ನೇಹದ ವಾತಾವರಣವಿದ್ದರೂ ಇತರ ಸಂಸ್ಥೆಗಳನ್ನು ಹೀಗಳೆಯುವುದಾಗಲಿ, ಸಲುಗೆಯ ಹಾಸ್ಯವಾಗಲಿ ಸಲ್ಲದು. ಬೇರೆ ಎಲ್ಲಿಗೆ ಅರ್ಜಿ ಹಾಕಿದ್ದೀರೆಂದು ಅವರು ಕೇಳಿದರೆ ಸತ್ಯವನ್ನೇ ಹೇಳಿ, ಆ ಆಯ್ಕೆಗಳ ಹಿಂದಿನ ಒಂದು ತರ್ಕವನ್ನು ತೋರಿಸಿ.

ಕೊನೆಗೆ ನಿಮ್ಮ ಪ್ರಶ್ನೆಗಳಿಗೆ ಅವಕಾಶ ಸಿಗುತ್ತದೆ. ಪ್ರವೇಶ ಸಿಗುವ ಸಾಧ್ಯತೆ ಎಷ್ಟು ಎಂದು ಕೇಳಬೇಡಿ. ಅವರಿಗೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ. ಅಂತರ್ಜಾಲದಲ್ಲಿ ಸಿಗುವ ಶುಲ್ಕ, ದಿನಾಂಕಗಳ ವಿವರವನ್ನೂ ಕೇಳಬೇಡಿ. ಅವರ ಅನುಭವದಿಂದ ಮಾತ್ರ ಸಿಗುವಂಥದ್ದನ್ನು ಕೇಳಿ: ಅಲ್ಲಿ ಕಲಿತದ್ದರಲ್ಲಿ ಯಾವುದು ವರ್ಷಗಳ ನಂತರ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂತು, ಸಮಯವನ್ನು ಮತ್ತೆ ಹಂಚಿಕೊಳ್ಳುವಂತಿದ್ದರೆ ಯಾವುದಕ್ಕೆ ಹೆಚ್ಚು ಕೊಡುತ್ತಿದ್ದರು, ನೀವು ಹೋಗಬಯಸುವ ಕ್ಷೇತ್ರಕ್ಕೆ ಅವರ ಸಹಪಾಠಿಗಳು ಹೇಗೆ ಕಾಲಿಟ್ಟರು. ಉತ್ತರವನ್ನು ಗಮನವಿಟ್ಟು ಕೇಳಿ ಅದರಿಂದಲೇ ಮುಂದಿನ ಪ್ರಶ್ನೆಗೆ ಹೋಗಿ.

ಹೊರಬಂದ ಕೂಡಲೇ ಯಾವ ಪ್ರಶ್ನೆ ಬಂತು, ನೀವು ಯಾವ ಘಟನೆ ಹೇಳಿದಿರಿ ಎಂಬುದನ್ನು ನಿಮಗಾಗಿ ಬರೆದಿಟ್ಟುಕೊಳ್ಳಿ. ಅದೇ ಸಂಸ್ಥೆಯ ಎರಡನೆಯ ಸಂದರ್ಶಕರನ್ನು ಕಾಣಬೇಕಾದವರಿಗೆ ಇದು ಬಹಳ ಮುಖ್ಯ. ಎರಡೂ ವರದಿಗಳು ಒಂದೇ ಮೇಜಿಗೆ ಹೋಗುವುದರಿಂದ ಗುರಿಯ ಬಗ್ಗೆ ಹೇಳಿದ್ದು ಎರಡರಲ್ಲೂ ಒಂದೇ ಆಗಿರಬೇಕು, ಘಟನೆಗಳು ಮಾತ್ರ ಸಾಧ್ಯವಾದಷ್ಟು ಬೇರೆಯಾಗಿರಲಿ. ಇಪ್ಪತ್ತನಾಲ್ಕು ಗಂಟೆಯೊಳಗೆ ನಾಲ್ಕೈದು ಸಾಲಿನ ಧನ್ಯವಾದದ ಇಮೇಲ್ ಕಳುಹಿಸಿ. ಮಾತಿನಲ್ಲಿ ಬಂದ ಒಂದು ನಿರ್ದಿಷ್ಟ ವಿಷಯವನ್ನು ಅದರಲ್ಲಿ ಹೆಸರಿಸಿ, ಆದರೆ ಬಿಟ್ಟುಹೋದ ಉತ್ತರಗಳನ್ನು ಅಲ್ಲಿ ತುಂಬಲು ಹೋಗಬೇಡಿ. ಅನಂತರ ಫಲಿತಾಂಶದ ಬಗ್ಗೆಯಾಗಲಿ, ವರದಿಯಲ್ಲಿ ಏನು ಬರೆದರೆಂದಾಗಲಿ ಅವರನ್ನು ಕೇಳುವಂತಿಲ್ಲ. ಸಂದರ್ಶಕರು ಕೊನೆಯ ದಿನಾಂಕ ಹತ್ತಿರವಾದರೂ ನಿಮ್ಮ ಇಮೇಲಿಗೆ ಉತ್ತರಿಸದಿದ್ದರೆ, ಅಥವಾ ಅವರು ನಿಮಗೆ ಮೊದಲೇ ಪರಿಚಿತರು, ನಿಮ್ಮದೇ ಕಂಪನಿಯವರು ಎಂದು ತಿಳಿದುಬಂದರೆ ಪ್ರವೇಶ ಕಚೇರಿಗೆ ತಡಮಾಡದೆ ಬರೆಯಿರಿ. ಇಂಥ ಸಂದರ್ಭಗಳಲ್ಲಿ ಬೇರೊಬ್ಬರನ್ನು ಗೊತ್ತುಮಾಡಿಕೊಡುವುದು ಅವರಿಗೆ ಸಾಮಾನ್ಯ ಕೆಲಸ, ಅದರಿಂದ ನಿಮ್ಮ ಅರ್ಜಿಗೆ ಯಾವ ಬಾಧಕವೂ ಬರುವುದಿಲ್ಲ.